ದುಂಡಕ್ಷರ ಕಲಿಸಿದ ಯಂತ್ರ: ಹೊಸಬನ ಕೈಯಲ್ಲಿ ಡ್ರೆಮೆಲ್ 3000

ಬೆಳಗಾವಿಯಲ್ಲಿ ಸ್ಟೀಲಿನ ತಾಟು, ತಂಬಿಗೆ ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಹೆಸರು ಹಾಕಿಸಿಕೊಂಡು ಬರುವುದು ವಾಡಿಕೆ. ಅಕ್ಕನ ಮಗಳ ಮದುವೆಗೆ ಕೊಡಬೇಕಾಗಿದ್ದ ಹನ್ನೊಂದು ತಾಟುಗಳಿಗೆ ಹೆಸರನ್ನು ನಾನೇ ಕೊರೆಯಬೇಕೆಂಬ ಹುಕಿ ಹುಟ್ಟಿದ್ದರಿಂದ ಡ್ರೆಮೆಲ್ 3000 ಎಂಬ ರೋಟರಿ ಟೂಲ್, ಅಂದರೆ ತುದಿಯ ಮೊನೆಯನ್ನು ವೇಗವಾಗಿ ತಿರುಗಿಸುವ ಕೈಯಂತ್ರ, ನಮ್ಮ ಮನೆಗೆ ಬಂತು.

1932ರಲ್ಲಿ ಅಮೆರಿಕದ ರೇಸೀನ್ ಪಟ್ಟಣದಲ್ಲಿ ಆರಂಭವಾಗಿ, 1993ರಿಂದ ಬಾಷ್ ಒಡೆತನದಲ್ಲಿರುವ ಕಂಪನಿಯ ಯಂತ್ರವಿದು. ಮೋಟಾರು 130 ವ್ಯಾಟ್‌ನದು, ತೂಕ ಸುಮಾರು ಅರ್ಧ ಕಿಲೋ, ವೇಗ ನಿಮಿಷಕ್ಕೆ 10,000ದಿಂದ 33,000 ಸುತ್ತು. ಈ ಅಂಕಿಗಳಲ್ಲೇ ಅದರ ಸ್ವಭಾವವೆಲ್ಲ ಅಡಗಿದೆ: ವೇಗ ವಿಪರೀತ, ಬಲ ಅಲ್ಪ. ಅದನ್ನು ಅರಿಯಲು ನನಗೆ ಎರಡು ತಾಟು ಮತ್ತು ಲೋಹ ಕತ್ತರಿಸುವ ಆರು ಡಿಸ್ಕುಗಳು ಖರ್ಚಾದವು.

ಪಾತ್ರೆ ಅಂಗಡಿಯವರ ಯಂತ್ರದ ಮೊನೆ ತಿರುಗುವುದಿಲ್ಲ, ಟಕಟಕನೆ ಕುಟ್ಟುತ್ತದೆ. ಆದ್ದರಿಂದಲೇ ಅವರು ಪೆನ್ನಿನಲ್ಲಿ ಬರೆದಷ್ಟು ಸಲೀಸಾಗಿ ಬರೆಯುತ್ತಾರೆ. ಡ್ರೆಮೆಲ್‌ನ ಬಿಟ್, ಅಂದರೆ ತುದಿಗೆ ಸಿಕ್ಕಿಸುವ ಕೊರೆಯುವ ಮೊನೆ, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪೆನ್ನಿನಂತೆ ಓರೆಯಾಗಿ ಹಿಡಿದು ಲೋಹಕ್ಕೆ ತಾಗಿಸಿದೊಡನೆ ತುದಿ ಬಲಕ್ಕೆ ಓಡಲು ಹವಣಿಸುತ್ತದೆ. ಎಡದಿಂದ ಬಲಕ್ಕೆ ಎಳೆಯುವ ತಲಕಟ್ಟು ಹಿಡಿತ ತಪ್ಪಿ ತಾಟಿನಂಚಿನವರೆಗೆ ಗೀಚಿಕೊಂಡು ಹೋದದ್ದು ಈ ಕಾರಣದಿಂದ. ಗೆರೆಯನ್ನು ಬಲದಿಂದ ಎಡಕ್ಕೆ ಎಳೆದರೆ ಯಂತ್ರ ಕೈಯ ಹತೋಟಿಯಲ್ಲಿರುತ್ತದೆ. ಹಾಗಾಗಿ ನಾನು ಈಗ ಕನ್ನಡದ ಅಕ್ಷರಗಳನ್ನು ಮಗ್ಗಲಿಂದ ಹಿಂದುಮುಂದಾಗಿ, ತುಂಡುತುಂಡಾಗಿ ಕೊರೆಯುತ್ತೇನೆ. ಇಂಗ್ಲಿಷಿನ ನೇರಗೆರೆಯ ದೊಡ್ಡಕ್ಷರಗಳಿಗೆ ಈ ಕಷ್ಟ ಕಡಿಮೆ. ಒತ್ತಕ್ಷರವಿರುವ ಹೆಸರಿನ ವಧುವಿಗೆ ಉಡುಗೊರೆ ಕೊಡುವವರು ಮೊದಲು ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಒಂದು ವಾರ ತಿದ್ದುವುದು ಲೇಸು. ಸ್ಟೀಲಿಗೆ ವಜ್ರಲೇಪನದ ಸಣ್ಣ ಗುಂಡುಬಿಟ್ ಒಪ್ಪುತ್ತದೆ.

ಡಿಸ್ಕುಗಳು ಒಡೆದದ್ದಕ್ಕೆ ಯಂತ್ರ ಕಾರಣವಲ್ಲ. ತುಕ್ಕು ಹಿಡಿದ ಗೇಟಿನ ಬೋಲ್ಟ್ ಕತ್ತರಿಸುವಾಗ ಆಂಗಲ್ ಗ್ರೈಂಡರ್ ಹಿಡಿದವನಂತೆ ನಾನು ಒತ್ತಿದೆ, ಕೇವಲ 0.6 ಮಿಲಿಮೀಟರ್ ದಪ್ಪದ ಬಿಲ್ಲೆ ತುಸು ಬಾಗಿದರೂ ಚೂರಾಗುತ್ತದೆ. ಒಂದು ಚೂರು ಕನ್ನಡಕಕ್ಕೆ ಬಡಿಯಿತು. ರಕ್ಷಣಾ ಕನ್ನಡಕವಿಲ್ಲದೆ ಸ್ವಿಚ್ ಮುಟ್ಟಬಾರದೆಂಬುದನ್ನು ಬೇರೆ ಯಾರೂ ಹೇಳಬೇಕಾಗಲಿಲ್ಲ. ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇಥ್ ನಡೆಸುವ ನೆರೆಯವರು ಮೋಟಾರಿನ ದನಿಯನ್ನು ಕೇಳುತ್ತ ನಿಂತು, "ದನಿ ಇಳೀತಂದ್ರ ಕೈ ಎತ್ತು" ಎಂದರು. ಕೈಪಿಡಿಯ ಪುಟಗಳಿಗಿಂತ ಆ ಮಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ದನಿ ಕುಗ್ಗಿತೆಂದರೆ ಮೋಟಾರು ತಿಣುಕುತ್ತಿದೆ, ಬಿಸಿಯಾಗುತ್ತಿದೆ ಎಂದರ್ಥ.

ಅಕ್ರಿಲಿಕ್ ಹಾಳೆಗೆ ಕಡಿಮೆ ವೇಗವೇ ಬೇಕು, ಇಲ್ಲವಾದರೆ ಅದು ಕೊಯ್ಯುವ ಬದಲು ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ. ಮರದ ಕೆಲಸ ಸುಲಭ. ಬಾದಾಮಿಯ ಕೆಂಪು ಮರಳುಗಲ್ಲಿನ ತುಂಡೊಂದರ ಮೇಲೂ ಪ್ರಯತ್ನಿಸಿದೆ. ಕಲ್ಲು ಒಲಿಯಿತು, ಆದರೆ ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಸಿಲಿಕಾ ಇರುವುದರಿಂದ ಕಲ್ಲನ್ನು ಒದ್ದೆ ಮಾಡಿಕೊಂಡು, ಎನ್95 ಮಾಸ್ಕ್ ಧರಿಸಿ, ಅಂಗಳದಲ್ಲೇ ಕೂತು ಮಾಡಬೇಕು.

ಖರ್ಚಿನ ಲೆಕ್ಕದಲ್ಲಿ ಯಂತ್ರಕ್ಕಿಂತ ಬಿಟ್ಟುಗಳೇ ಜೇಬಿಗೆ ಭಾರ. ಅಗ್ಗಕ್ಕೆ ಮರುಳಾಗಿ ಹೆಸರಿಲ್ಲದ ನೂರು ಬಿಟ್ಟುಗಳ ಡಬ್ಬಿಯೊಂದನ್ನು ತಂದಿದ್ದೆ. ಅವುಗಳಲ್ಲಿ ಹಲವುಗಳ ದಂಡ ನೆಟ್ಟಗಿರದೆ, ವೇಗ ಹೆಚ್ಚಿಸಿದಾಗ ಕೈಯೆಲ್ಲ ಜುಮ್ಮೆನ್ನುವಷ್ಟು ನಡುಗುತ್ತಿದ್ದವು. ಬಿಟ್ಟಿನ ದಂಡವನ್ನು ಕಚ್ಚಿ ಹಿಡಿಯುವ 3.2 ಮಿಲಿಮೀಟರ್ ಕೊಲೆಟ್ಟಿಗೆ ಸರಿಯಾಗಿ ಕೂರುವ ಏಳೆಂಟು ಒಳ್ಳೆಯ ಬಿಟ್ಟುಗಳು ಮನೆಗೆಲಸಕ್ಕೆ ಸಾಕು. ಕಬ್ಬಿಣದ ಪಟ್ಟಿ, ಪೈಪು ಕತ್ತರಿಸುವುದೇ ಉದ್ದೇಶವಾಗಿದ್ದರೆ ಇದನ್ನು ಕೊಳ್ಳಬೇಡಿ, ಗ್ರೈಂಡರ್ ಕೊಳ್ಳಿ. ಕೆತ್ತನೆ, ಉಜ್ಜುವಿಕೆ, ಹೊಳಪು ಕೊಡುವಂಥ ಸೂಕ್ಷ್ಮ ಕೆಲಸಗಳಿಗೆ ಧಾರಾಳವಾಗಿ ಕೊಳ್ಳಬಹುದು.

ಮದುವೆಗೆ ಹೋದದ್ದು ಒಂಬತ್ತು ತಾಟುಗಳು. ಗೀಚಿಹೋದ ಎರಡರಲ್ಲಿ ನಾವು ಈಗಲೂ ಉಣ್ಣುತ್ತಿದ್ದೇವೆ.