ನೀರು ಕುಡಿದ ಜೆಟ್ ಸ್ಕೀ: ಕಾರ್ ಗ್ಯಾರೇಜೋ, ಕಂಪನಿ ಸರ್ವಿಸೋ, ಮಲ್ಪೆ ದಕ್ಕೆಯೋ?

ಮೊದಲೇ ಹೇಳಿಬಿಡುತ್ತೇನೆ. ಜೆಟ್ ಸ್ಕೀ ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್. ಅದರ ಇಂಜಿನ್‌ಗೆ ಸಮುದ್ರದ ನೀರು ಹೊಕ್ಕರೆ ನಾನು ಫೋನ್ ಮಾಡುವುದು ಮಲ್ಪೆ ದಕ್ಕೆಯ (ಮೀನುಗಾರಿಕೆ ಬಂದರಿನ) ಔಟ್‌ಬೋರ್ಡ್ ಮೆಕ್ಯಾನಿಕ್‌ಗೆ, ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ ರಿಪೇರಿ ಮಾಡುವವರಿಗೆ. ಉಡುಪಿಯ ಒಂದು ಕಾರ್ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿ ನೋಡಿದ್ದೇನೆ. ಹೊರ ಊರಿನ ಕಂಪನಿ ಸರ್ವಿಸ್ ಹೇಗಿರುತ್ತದೆ ಅಂತ ಭಾವನ ಮಶೀನ್ ಜೊತೆ ಹೋಗಿ ನೋಡಿದ್ದೇನೆ. ಎರಡೂ ಕೆಟ್ಟದ್ದು ಅಂತಲ್ಲ. ಆದರೆ ಉಪ್ಪು ನೀರು ಕುಡಿದ ಇಂಜಿನ್‌ನ ಸಂಕಟ ಗೊತ್ತಿರುವುದು ದಕ್ಕೆಯವರಿಗೇ.

ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಮಶೀನ್. ಸೇಂಟ್ ಮೇರೀಸ್ ದ್ವೀಪದ ಕಡೆಯಿಂದ ವಾಪಸ್ ಬರುವಾಗ ಒಳಗಿನ ಕೂಲಿಂಗ್ ಪೈಪನ್ನು ಬಿಗಿದಿಡುವ ಕ್ಲಾಂಪ್ ತುಕ್ಕು ಹಿಡಿದು ಬಿಟ್ಟುಹೋಯಿತು. ಮಶೀನೇ ತನ್ನ ಪಂಪಿನಿಂದ ತನ್ನ ಹೊಟ್ಟೆಗೆ ನೀರು ತುಂಬಿಕೊಂಡಿತು, ಇಂಜಿನ್ ಗಾಳಿಯ ಬದಲು ನೀರು ಎಳೆದು ನಿಂತಿತು. ಒಂದು ಮೀನಿನ ಬೋಟ್‌ನವರು ಹಗ್ಗ ಹಾಕಿ ನಿಧಾನವಾಗಿ ದಡಕ್ಕೆ ತಂದರು. ನಿಧಾನ ಅನ್ನುವುದು ಮುಖ್ಯ. ಜೋರಾಗಿ ಎಳೆದರೆ ಜೆಟ್ ಪಂಪಿನಿಂದ (ನೀರನ್ನು ಹಿಂದಕ್ಕೆ ಚಿಮ್ಮಿಸಿ ಮಶೀನ್ ಓಡಿಸುವ ಪಂಪ್) ನೀರು ಒತ್ತಿಕೊಂಡು ಸೈಲೆನ್ಸರ್ ಮೂಲಕ ಇಂಜಿನ್‌ಗೆ ನುಗ್ಗುತ್ತದೆ. ಕೂಲಿಂಗ್ ಪೈಪನ್ನು ಒಂದು ಕ್ಲಿಪ್ ಹಾಕಿ ಹಿಸುಕಿಟ್ಟು ಎಳೆಸಿದರೆ ಇನ್ನೂ ಒಳ್ಳೆಯದು.

ಯಾರ ಹತ್ತಿರ ಕೊಂಡುಹೋದರೂ ಮೊದಲ ಗಂಟೆಯ ಕೆಲಸ ನಮ್ಮದೇ. ಬ್ಯಾಟರಿ ಕಳಚಬೇಕು. ಹಿಂಬದಿಯ ಡ್ರೈನ್ ಪ್ಲಗ್ ಬಿಚ್ಚಿ ನೀರು ಇಳಿಸಬೇಕು. ಸೀಟ್ ತೆಗೆದಿಟ್ಟು ಪೆಟ್ರೋಲ್ ವಾಸನೆ ಹೋಗಲು ಬಿಡಬೇಕು. ಸ್ಟಾರ್ಟರ್ ಮಾತ್ರ ಒತ್ತಲೇಬಾರದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಬಗ್ಗುವುದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್. ಆಮೇಲೆ ರಿಪೇರಿ ಅಲ್ಲ, ಹೊಸ ಇಂಜಿನ್ನೇ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಕಿಡಿ ಹಾರದಂತೆ ವೈರ್‌ಗಳನ್ನು ಅರ್ತ್ ಮಾಡಿ, ಬ್ಯಾಟರಿ ಮತ್ತೆ ಸೇರಿಸಿ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿದರೆ ನೀರು ಚಿಮ್ಮಿ ಹೊರಗೆ ಬರುತ್ತದೆ. ನಂತರ ಸಿಲಿಂಡರಿಗೆ ಎಣ್ಣೆ ಸ್ಪ್ರೇ.

ಕಾರ್ ಗ್ಯಾರೇಜಿಗೆ ಹೋದದ್ದು ಮನೆಗೆ ಹತ್ತಿರ ಅಂತ, ಪರಿಚಯ ಇದೆ ಅಂತ. ಟೂಲ್ಸ್ ಎಲ್ಲ ಅಚ್ಚುಕಟ್ಟು. ವೈರಿಂಗ್ ಕೆಲಸ ಅವರಷ್ಟು ಚೆನ್ನಾಗಿ ಯಾರೂ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಒಂದೊಂದೇ ಕನೆಕ್ಟರ್ ಬಿಚ್ಚಿ, ಒರೆಸಿ, ಗ್ರೀಸ್ ತುಂಬಿ ಕೂರಿಸಿದರು. ತೊಂದರೆ ಶುರುವಾದದ್ದು ಆಯಿಲ್ ವಿಷಯದಲ್ಲಿ.

ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಆಯಿಲ್ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಬೆರೆತಿದೆ ಅಂತ ಅರ್ಥ. ಕಾರಿನಲ್ಲಾದರೆ ಕೆಳಗಿನ ಬೋಲ್ಟ್ ಬಿಚ್ಚಿದರೆ ಮುಗಿಯಿತು. ಹುಡುಗ ಟ್ರೈಲರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ಆ ಬೋಲ್ಟ್ ಹುಡುಕಿದ. ಜೆಟ್ ಸ್ಕೀಯಲ್ಲಿ ಕೆಳಗೆ ಇರುವುದು ಇಡೀ ಫೈಬರ್ ತಳ, ಇಂಜಿನ್ ಅದರೊಳಗೆ ಕೂತಿದೆ. ಆಯಿಲನ್ನು ಡಿಪ್‌ಸ್ಟಿಕ್ ತೂತಿನಿಂದ ಸಣ್ಣ ಪೈಪ್ ಇಳಿಸಿ ಪಂಪಿನಲ್ಲಿ ಎಳೆಯಬೇಕು. ಗ್ಯಾರೇಜಿನಲ್ಲಿ ಆ ಪಂಪ್ ಇರಲಿಲ್ಲ. ತರಿಸಿ ಎಳೆದರೂ ತಣ್ಣಗಿನ ಮಂದ ಆಯಿಲ್ ಅರ್ಧ ಬಂದು ನಿಂತಿತು.

ಬಿಸಿ ಆದರೆ ಆಯಿಲ್ ತೆಳ್ಳಗಾಗುತ್ತದೆ. ಬಿಸಿ ಆಗಲು ಇಂಜಿನ್ ಓಡಬೇಕು. ನೆಲದ ಮೇಲೆ ಓಡಿಸಲು ಪೈಪಿನಿಂದ ನೀರು ಕೊಡಬೇಕು, ಅದಕ್ಕೊಂದು ಕ್ರಮವಿದೆ: ಮೊದಲು ಇಂಜಿನ್ ಸ್ಟಾರ್ಟ್, ತಕ್ಷಣ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ನಿಂತ ಇಂಜಿನ್‌ಗೆ ಎಕ್ಸಾಸ್ಟ್ ಕಡೆಯಿಂದ ನೀರು ಏರುತ್ತದೆ. ಹುಡುಗ ಮೊದಲು ನಲ್ಲಿ ತಿರುಗಿಸಿದ. ನಾನು ಓಡಿಹೋಗಿ ಬಂದ್ ಮಾಡಿದೆ. ಅವನ ತಪ್ಪಲ್ಲ, ಅವನು ಜೀವಮಾನದಲ್ಲಿ ಇಂಥ ಮಶೀನ್ ನೋಡಿರಲಿಲ್ಲ. ಒಂದು ಸಲ ಆಯಿಲ್ ಬದಲಿಸಿ "ಆಯ್ತು ಸರ್" ಅಂದರು. ಮರುದಿನ ಡಿಪ್‌ಸ್ಟಿಕ್ ನೋಡಿದರೆ ಮತ್ತೆ ಅದೇ ಬಣ್ಣ. ಹಳೆಯ ಆಯಿಲ್ ಪೂರ್ತಿ ಬರುವುದೇ ಇಲ್ಲವಲ್ಲ, ಮೂಲೆಯಲ್ಲಿ ಉಳಿದ ಉಪ್ಪು ನೀರು ಹೊಸದರಲ್ಲಿ ಬೆರೆಯುತ್ತದೆ.

ಅಲ್ಲಿಂದ ಸೀದಾ ಮಲ್ಪೆಗೆ. ದಕ್ಕೆಯ ಮೆಕ್ಯಾನಿಕ್ ಹಿರಿಯರು. ನಾಡದೋಣಿಯ ಸೀಮೆಎಣ್ಣೆ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿಯೇ ವಯಸ್ಸಾದವರು. ಅಳಿವೆ ಬಾಯಿಯಲ್ಲಿ ದೋಣಿ ಮಗುಚಿದಾಗ ಮುಳುಗಿದ ಇಂಜಿನ್ ಬರುವುದು ಇವರ ಹತ್ತಿರವೇ. ಇಂಜಿನ್ ಮುಟ್ಟುವ ಮೊದಲೇ ಹೇಳಿದರು: "ನೀರು ಎಲ್ಲಿಂದ ಬಂತು ಅಂತ ನೋಡುವ ಮಾರಾಯ್ರೆ, ಇಂಜಿನ್ ಆಮೇಲೆ."

ಟ್ರೈಲರ್ ಮೇಲೆಯೇ ಡ್ರೈನ್ ಪ್ಲಗ್ ಹಾಕಿ, ಒಳಗೆ ಇಂಜಿನ್‌ನಿಂದ ಜೆಟ್ ಪಂಪಿಗೆ ಹೋಗುವ ಶಾಫ್ಟ್ ಮುಳುಗುವಷ್ಟು ಮಾತ್ರ ಸಿಹಿನೀರು ಬಿಟ್ಟರು. ಹೊರಗಿನಿಂದ ಬಗ್ಗಿ ಕಾದರು. ಜೆಟ್ ಪಂಪಿನ ಬಾಯಿಯಲ್ಲಿ ತೊಟ್ಟು ತೊಟ್ಟಾಗಿ ನೀರು ಬಂತು. ಕ್ಲಾಂಪ್ ಒಂದೇ ಅಲ್ಲ, ಶಾಫ್ಟ್ ಸುತ್ತ ನೀರು ಒಳಬರದಂತೆ ತಡೆಯುವ ಸೀಲ್ ಕೂಡ ಸವೆದಿತ್ತು! ಕಾರ್ ಗ್ಯಾರೇಜಿನಲ್ಲಿ ಇದನ್ನು ಯಾರೂ ಹುಡುಕಲೇ ಇಲ್ಲ. ಅದೊಂದಕ್ಕೇ ನಾನು ದಕ್ಕೆಯ ಹಿರಿಯರಿಗೆ ಋಣಿ.

ಆಯಿಲ್‌ಗೆ ಅವರದೇ ಕ್ರಮ. ಮೊದಲ ಸುತ್ತುಗಳಿಗೆ ಸಾದಾ ಆಯಿಲ್, ಸ್ವಲ್ಪ ಓಡಿಸಿ ಬಿಸಿ ಇರುವಾಗಲೇ ಎಳೆದು ತೆಗೆಯುವುದು, ಮತ್ತೆ ತುಂಬುವುದು. ಪ್ರತಿ ಸಲವೂ ಎರಡು ಬೆರಳ ನಡುವೆ ಒಂದು ಹನಿ ತಿಕ್ಕಿ ಬಿಸಿಲಿಗೆ ಹಿಡಿಯುತ್ತಿದ್ದರು. ಬಿಳಿ ಪೂರ್ತಿ ಹೋಗುವವರೆಗೆ ಬಿಡಲಿಲ್ಲ. ಕೊನೆಗೆ ಹೊಸ ಫಿಲ್ಟರ್, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್. ಕ್ಲಾಂಪ್ ಎಲ್ಲ ಎಸ್‌ಎಸ್ 316, ಅಂದರೆ ಉಪ್ಪು ನೀರು ತಾಳುವ ಸ್ಟೇನ್‌ಲೆಸ್ ಸ್ಟೀಲ್. ಅಂಗಡಿಯಲ್ಲಿ ಎಸ್‌ಎಸ್ ಅಂತ ಕೊಡುವ ಎಷ್ಟೋ ಕ್ಲಾಂಪ್‌ಗಳಲ್ಲಿ ಪಟ್ಟಿ ಮಾತ್ರ ಸ್ಟೀಲ್, ಸ್ಕ್ರೂ ಸಾದಾ ಕಬ್ಬಿಣ. ಅವರು ಸ್ಕ್ರೂಗೆ ಮ್ಯಾಗ್ನೆಟ್ ಮುಟ್ಟಿಸಿ ನೋಡಿ, ಅಂಟಿಕೊಂಡದ್ದನ್ನು ವಾಪಸ್ ಕೊಟ್ಟರು.

ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿದರು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ನೀರು ಸೇರಿದರೆ ಎಥನಾಲ್ ಅದನ್ನು ಹಿಡಿದುಕೊಂಡು ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಪಂಪ್ ಮೊದಲು ಎಳೆಯುವುದು ಅದನ್ನೇ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಸಮುದ್ರದ ಬದಿಯ ಮನೆಗಳ ಬಾವಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತದೆ. ಆ ನೀರಲ್ಲಿ ತೊಳೆದರೆ ತೊಳೆದದ್ದು ಸುಮ್ನೆ. ಬಾಯಿಗೆ ಹಾಕಿ ನೋಡಿ, ಆಮೇಲೆ ಪೈಪ್ ಹಾಕಿ.

ದಕ್ಕೆಯಲ್ಲಿ ಸಿಗದ್ದು ಕಂಪ್ಯೂಟರ್. ಮಶೀನಿನ ಎರರ್ ಕೋಡ್ ಓದುವ ಸಾಧನ ಅವರ ಹತ್ತಿರ ಇಲ್ಲ. ಬಿಲ್ಲೂ ಚೀಟಿಯಲ್ಲಿ ಬರೆದು ಕೊಟ್ಟ ಲೆಕ್ಕ.

ಕಂಪನಿ ಸರ್ವಿಸ್‌ನಲ್ಲಿ ಅದೆಲ್ಲ ಇದೆ. ಭಾವನ ಮಶೀನ್ ಗೋವಾ ಕಡೆಗೆ ಹೋಗಿತ್ತು. ಉಡುಪಿಯಿಂದ ಪಣಜಿ ಸುಮಾರು 300 ಕಿಲೋಮೀಟರ್. ಟ್ರೈಲರ್, ಗಾಡಿ, ಡ್ರೈವರ್ ಹೊಂದಿಸಿ ತಲುಪುವಷ್ಟರಲ್ಲಿ ಸಿಲಿಂಡರ್ ಗೋಡೆಯಲ್ಲಿ ತುಕ್ಕು ಶುರುವಾಗಿತ್ತು. ಕೆಲಸದಲ್ಲಿ ಹುಳುಕಿಲ್ಲ, ಕೈಗೆ ಪ್ರಿಂಟ್ ಮಾಡಿದ ರಿಪೋರ್ಟ್ ಕೊಟ್ಟರು. ಆದರೆ ಪಾರ್ಟ್ಸ್‌ಗೆ ಕಾದು ಸೀಸನ್ ಮುಗಿಯಿತು, ಸಾಗಿಸಿದ ಖರ್ಚೇ ನನ್ನ ದಕ್ಕೆಯ ಕೂಲಿಗಿಂತ ಜಾಸ್ತಿ. ದೂರ ಕಳಿಸಲೇಬೇಕಾದರೆ ನೀರು ತೆಗೆದ ಮೇಲೆ ಸಿಲಿಂಡರಿಗೆ ಧಾರಾಳವಾಗಿ ಎಣ್ಣೆ ಹೊಯ್ದು ಕಳಿಸಿ, ತುಕ್ಕು ತಡೆಯುತ್ತದೆ. ಅಲ್ಲಿ ತಲುಪಿದ ಮೇಲೆ ಪ್ಲಗ್ ಬಿಚ್ಚದೆ ಸ್ಟಾರ್ಟ್ ಮಾಡಬೇಡಿ ಅಂತ ಹ್ಯಾಂಡಲ್‌ಗೆ ಚೀಟಿ ಕಟ್ಟಿ.

ವಾರಂಟಿ ಇರುವ ಹೊಸ ಮಶೀನ್ ನಿಮ್ಮದಾದರೆ ಕಂಪನಿಗೇ ಕೊಡಿ, ಬೇರೆಯವರು ಕೈ ಹಾಕಿದರೆ ವಾರಂಟಿಗೆ ತಕರಾರು ಬರಬಹುದು. ವೈರಿಂಗ್ ಮಾತ್ರ ಹೋಗಿದ್ದರೆ ಒಳ್ಳೆಯ ಕಾರ್ ಎಲೆಕ್ಟ್ರಿಷಿಯನ್ ಸಾಕು. ನನ್ನದು ಹಳೆಯ ಮಶೀನ್, ಭಾನುವಾರ ಓಡಿಸುವವನು ನಾನು, ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಬೇಕು ಅನ್ನುವ ಅಭ್ಯಾಸ ಬೇರೆ. ನನಗೆ ದಕ್ಕೆಯೇ ಸರಿ.

ಹೋಗುವುದಾದರೆ ಮೇ ಮುಗಿಯುವುದರೊಳಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ನಾಡದೋಣಿಯವರ ಸೀಸನ್. ಔಟ್‌ಬೋರ್ಡ್ ಇಂಜಿನ್‌ಗಳು ಸಾಲುಗಟ್ಟಿ ಬಂದಿರುತ್ತವೆ. ಅವರ ಹೊಟ್ಟೆಪಾಡಿನ ಇಂಜಿನ್ ಮೊದಲು, ನಮ್ಮದು ಆಮೇಲೆ. ಅದು ನ್ಯಾಯವೂ ಹೌದು.