ಹಾಲು ಕುಡಿದು ಮಲಗಿದ್ದಾಗಲೇ ಪಾಪುವಿನ ಹಾರ್ಟ್ ಸ್ಕ್ಯಾನ್ ಮುಗಿಯಿತು

ಪಾಪುವಿಗೆ ಎರಡು ತಿಂಗಳಾದಾಗ ಹಾಸನದಲ್ಲಿ ಮಕ್ಕಳ ಡಾಕ್ಟರು ತೊಡೆಸಂದಿಯಲ್ಲಿ ನಾಡಿ ನೋಡಿದರು. ಕೈಯಲ್ಲಿ ಚೆನ್ನಾಗಿ ಸಿಗುತ್ತಿದ್ದ ನಾಡಿ ಅಲ್ಲಿ ಸಿಗಲೇ ಇಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಒಂದು ಕಡೆ ಕಿರಿದಾಗಿದೆ ಅಂದರು. ಆ ಜಾಗ ಎಕೋದಲ್ಲಿ ಪೂರ್ತಿ ಕಾಣಲಿಲ್ಲ. ಆಪರೇಷನ್‌ಗೆ ಮೊದಲು ಸಿಟಿ ಸ್ಕ್ಯಾನ್ (ಎಕ್ಸ್‌ರೇ ಹಾಯಿಸಿ ಒಳಗಿನ ಚಿತ್ರ ತೆಗೆಯುವುದು) ಬೇಕು ಅಂತ ಬೆಂಗಳೂರಿನ ಒಂದು ಹೃದಯದ ಆಸ್ಪತ್ರೆಗೆ ಬರೆದುಕೊಟ್ಟರು.

ನಮ್ಮ ಪಾಪು ಆಗ 3.8 ಕೆಜಿ. "ಇಷ್ಟು ಎಳೇ ಮೈಗೆ ಎಕ್ಸ್‌ರೇ ಬಿಡಿಸ್ತೀಯೇನವ್ವಾ" ಅಂತ ನಮ್ಮತ್ತೆ ಕಣ್ಣೀರು ಹಾಕಿದರು. ಅವರ ಭಯ ಸುಮ್ನೆ ಅಲ್ಲ. ಬೆಳೆಯುವ ಮೈಗೆ ವಿಕಿರಣ ಬೇಗ ತಟ್ಟುತ್ತದೆ. ಹೃದಯದ ತೊಂದರೆ ಇರುವ ಮಕ್ಕಳಿಗೆ ಮುಂದೆಯೂ ಸ್ಕ್ಯಾನ್ ಬೇಕಾಗಬಹುದು, ಅಲ್ವಾ? ಎಂಆರ್‌ಐನಲ್ಲಿ ವಿಕಿರಣ ಇಲ್ಲ. ಆದರೆ ತುಂಬ ಹೊತ್ತು ಅಲುಗಾಡದೆ ಮಲಗಬೇಕು. ಇಷ್ಟು ಚಿಕ್ಕವರಿಗೆ ಮತ್ತಿನ ಔಷಧಿ ಕೊಡಬೇಕಾಗಿ ಬರಬಹುದು.

ಮೊದಲು ಬೇಜಾರಾದ ವಿಷಯ ಹೇಳಿಬಿಡುತ್ತೇನೆ. ಫೋನಿನಲ್ಲಿ "ನಾಲ್ಕು ಗಂಟೆ ಹಾಲು ಕೊಡಬೇಡಿ" ಅಂದಿದ್ದರು. ಬೆಳಗಿನ ಜಾವ ಕಾರು ಹತ್ತಿದೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಶುರುವಾದ ಅಳು ಬೆಂಗಳೂರಿನವರೆಗೂ ನಿಲ್ಲಲಿಲ್ಲ. ಅಲ್ಲಿ ನರ್ಸ್ ಹೇಳಿದ್ದು: "ಹಾಲು ಕೊಟ್ಟು ಮಲಗಿಸಮ್ಮ, ಮತ್ತಿನ ಔಷಧಿ ಕೊಡಲ್ಲ." ನನಗೆ ಎದೆ ಹಿಂಡಿದಂತಾಯಿತು. ಸೂಜಿ ಹಾಕುವಾಗಲೂ ಮೂರು ಸಲ ಚುಚ್ಚಿದರು.

ಅಲ್ಲಿಂದ ಮುಂದೆ ಮಾತ್ರ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹಾಲು ಕುಡಿದು ಕಣ್ಣು ಮುಚ್ಚಿದ ಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು, ನಮ್ಮಜ್ಜಿ ಎರೆದ ಮೇಲೆ ಸುತ್ತುತ್ತಿದ್ದ ಹಾಗೇ. ಟೆಕ್ನೀಷಿಯನ್ ಹುಡುಗನನ್ನು "ವಿಕಿರಣದ ಡೋಸ್ ಎಷ್ಟಪ್ಪ?" ಅಂತ ಕೇಳಿದೆ. ಆತ ಬೇಸರ ಮಾಡಿಕೊಳ್ಳದೆ ಸ್ಕ್ರೀನ್ ತೋರಿಸಿದ. ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್ ದೊಡ್ಡವರಿಗೆ 100, 120 ಕೆವಿ (ಕಿಲೋವೋಲ್ಟ್) ಇಡುತ್ತಾರಂತೆ, ಪಾಪುವಿಗೆ 70. ಅದು ಕಡಿಮೆಯಾದರೆ ಡೋಸೂ ಕಡಿಮೆ. ಎರಡು ಎಕ್ಸ್‌ರೇ ಟ್ಯೂಬ್ ಇರುವ ಮೆಷಿನ್, ಅದಕ್ಕೇ ಬೇಗ ಮುಗಿಯುತ್ತದೆ. ಎದೆಯಷ್ಟೇ, ಒಂದೇ ಸಲ. ರಕ್ತನಾಳ ಚಿತ್ರದಲ್ಲಿ ಎದ್ದು ಕಾಣಲಿ ಅಂತ ಸೂಜಿಯಲ್ಲಿ ಕೊಡುವ ಔಷಧಿ (ಕಾಂಟ್ರಾಸ್ಟ್) ಸುಮಾರು 7 ಎಂಎಲ್. ಮಂಚ ಒಳಗೆ ಸರಿದದ್ದು ಕಂಡಿತು, ಅಷ್ಟರಲ್ಲಿ ಮುಗಿದೇ ಹೋಗಿತ್ತು. ಒಂದು ಸೆಕೆಂಡೂ ಆಗಲಿಲ್ಲವಂತೆ. ಪಾಪು ಏಳಲೇ ಇಲ್ಲ.

ಡೋಸ್ ಒಂದು ಮಿಲಿಸೀವರ್ಟ್‌ಗಿಂತ (ಮೈಗೆ ಬಿದ್ದ ವಿಕಿರಣ ಅಳೆಯುವ ಮಾನ) ಕಡಿಮೆ ಬಂತು. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿ ಬೀಳುತ್ತದೆ ಅಂತ ಆ ಹುಡುಗನೇ ವಿವರಿಸಿದ. ಅತ್ತೆಗೆ ಫೋನ್ ಮಾಡಿ ಅದನ್ನೇ ಹೇಳಿದೆ.

5ಕ್ಕೆ 4 ಕೊಡುತ್ತೇನೆ. ಒಂದು ಕಳೆದದ್ದು ಆ ಹಸಿವಿಗೆ. ಹಾಸನದ ಕಡೆಯಿಂದ ಹೋಗುವವರು ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಳ್ಳಿ. ಹಾಲಿನ ವಿಷಯ ಸ್ಕ್ಯಾನ್ ರೂಮಿನವರನ್ನೇ ಕೇಳಿ. ರಿಪೋರ್ಟ್ ಜೊತೆ ಸಿಡಿಯನ್ನೂ ಮರೆಯದೆ ತಗೊಳ್ಳಿ. ನಮ್ಮ ಪಾಪುವಿನ ಸರ್ಜನ್ ಬೇರೆ ಆಸ್ಪತ್ರೆಯವರು. ಅದೇ ಸಿಡಿ ಹಾಕಿ ನೋಡಿ, "ಇನ್ನೊಂದು ಸ್ಕ್ಯಾನ್ ಬೇಡ" ಅಂದರು.