ಕೌದಿಯ ಬ್ಲಾಕ್ ಜೋಡಿಸಿಡುವ ಬೋರ್ಡ್ ಸೆಟ್: ಹಿಡಿತ ಚೆನ್ನಾಗಿದೆ, ಅಳತೆ ಮಾತ್ರ ಎಡವಟ್ಟು

ಕೌದಿ ಮಾಡುವಾಗ ನನಗೆ ಹೊಲಿಗೆಯೇ ಕಷ್ಟ ಅಂತ ಅನ್ನಿಸಿದ್ದಿಲ್ಲ. ಕಷ್ಟ ಎಲ್ಲಾ ನೆಲದಿಂದ ಮಷಿನ್‌ವರೆಗಿನ ನಾಲ್ಕು ಹೆಜ್ಜೆಯಲ್ಲಿ. ನೆಲದ ಮೇಲೆ ಚೆಂದ ಜೋಡಿಸಿಟ್ಟ ತುಂಡುಗಳನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಕೂತರೆ ಮುಗೀತು, ಮೇಲಿನದು ಯಾವುದು, ಎಡದ್ದು ಯಾವುದು, ಈ ತ್ರಿಕೋನದ ಕಪ್ಪು ಮೂಲೆ ಯಾವ ಕಡೆಗಿತ್ತು, ಒಂದೂ ನೆನಪಿರುವುದಿಲ್ಲ.

ಈ ಸಲ ಹಿಡಿದಿದ್ದು 36 ಬ್ಲಾಕಿನ ಕೌದಿ. ಬ್ಲಾಕ್ ಅಂದರೆ ಸಣ್ಣ ತುಂಡುಗಳನ್ನು ಸೇರಿಸಿ ಹೊಲಿದ ಒಂದು ಚೌಕ, ಅಂಥವನ್ನು ಜೋಡಿಸಿದರೆ ಕೌದಿ. ಒಂದೊಂದಕ್ಕೆ 9 ತುಂಡು, ಒಟ್ಟು 324. ಹೆದರಿಕೆಯಾಗಿ ಬ್ಲಾಕಿನ ತುಂಡು ಜೋಡಿಸಿಡುವ ಬೋರ್ಡಿನ ಒಂದು ಸೆಟ್ ತರಿಸಿದೆ. ಆರು ಬೋರ್ಡ್, ಜೊತೆಗೆ 1ರಿಂದ 20ರವರೆಗೆ ನಂಬರ್ ಇರುವ ಗುಂಡುಸೂಜಿ. ಬೋರ್ಡ್ ಅಂದರೆ ದೊಡ್ಡ ವಿದ್ಯೆಯೇನಲ್ಲ, ಹಗುರವಾದ ಫೋಮ್ ಹಲಗೆಗೆ ಫ್ಲಾನೆಲ್ ಸುತ್ತಿದ್ದಾರೆ, ಅಷ್ಟೇ. ಆದರೆ ಫ್ಲಾನೆಲ್ ಮೇಲಿನ ನವಿರಾದ ಎಳೆಗಳು ಕಾಟನ್ ತುಂಡನ್ನು ಹಿಡಿದುಕೊಳ್ಳುತ್ತವೆ. ಓರೆಯಾಗಿ ಎತ್ತಿಕೊಂಡು ನಡೆದರೂ ಒಂದೂ ಜಾರಲಿಲ್ಲ. ಆರೂ ಬೋರ್ಡನ್ನು ಒಂದರ ಮೇಲೊಂದು ಪೇರಿಸಿಟ್ಟು ಎರಡು ದಿನ ಆ ಕಡೆ ತಲೆ ಹಾಕದೆ ಆಮೇಲೆ ತೆಗೆದೆ, ಇಟ್ಟದ್ದು ಇಟ್ಟ ಹಾಗೇ ಇತ್ತು. ಕೊಟ್ಟ ದುಡ್ಡು ವಸೂಲಾಗಿದ್ದು ಇಲ್ಲೇ.

ಈಗ ತಕರಾರು. ಡಬ್ಬಿಯ ಮೇಲೆ 10 ಇಂಚಿನ ಬೋರ್ಡ್, 9 ಇಂಚಿನ ಬ್ಲಾಕಿಗೆ ಸರಿ ಅಂತ ಬರೆದಿದೆ. ನಾನೂ ನಂಬಿದೆ. ಆದರೆ ಲೆಕ್ಕ ಹಾಕಿ ನೋಡಿ, ಅಂಥ ಬ್ಲಾಕಿಗೆ ಒಂದೊಂದು ತುಂಡನ್ನೂ 3.5 ಇಂಚಿಗೆ ಕತ್ತರಿಸಬೇಕು, ಯಾಕೆಂದರೆ ಸುತ್ತ ಕಾಲಿಂಚು ಹೊಲಿಗೆಗೆ ಹೋಗುತ್ತದಲ್ವಾ. ಮೂರು ತುಂಡು ಪಕ್ಕಪಕ್ಕ ಇಟ್ಟರೆ 10.5 ಇಂಚು. ಹೊಲಿದ ಮೇಲೆ ಅದೇ 9.5, ಉಳಿದ ಅರ್ಧ ಇಂಚು ಬ್ಲಾಕುಗಳನ್ನು ಒಂದಕ್ಕೊಂದು ಸೇರಿಸುವಾಗ ಹೊಲಿಗೆಗೆ ಹೋಗುತ್ತದೆ. ಅಂದರೆ ಹೊಲಿದು ಮುಗಿದ ಬ್ಲಾಕ್ ಬೋರ್ಡಿನ ಮೇಲೆ ಆರಾಮಾಗಿ ಕೂರುತ್ತದೆ, ಆದರೆ ಬೋರ್ಡ್ ಬೇಕಾಗುವುದೇ ಹೊಲಿಯುವ ಮೊದಲು! ಅಂಚಿನ ಮೇಲೆ ಅಂಚು ಏರಿಸಿಕೊಂಡು ಹೇಗೋ ಸುಧಾರಿಸಿದೆ. ಮಾರಿದವರನ್ನು ಕೇಳಿದರೆ ಎಲ್ಲರೂ ಹೀಗೇ ಬಳಸುತ್ತಾರೆ ಅಂದರು. 12 ಇಂಚಿನ ಬ್ಲಾಕನ್ನು ಅಡ್ಡಕ್ಕೆ ನಾಲ್ಕು ತುಂಡಿನಲ್ಲಿ ಮಾಡುವವರಿಗೆ 14 ಇಂಚು ಜಾಗ ಬೇಕು, ಅವರು ಈ ಸೆಟ್ ಕಡೆ ನೋಡಲೇಬೇಡಿ.

ಸೂಜಿಗಳ ಕಥೆ ಬೇರೆ. ಪ್ರತಿ ಬ್ಲಾಕಿನ ಮೇಲಿನ ಎಡ ಮೂಲೆಯ ತುಂಡಿಗೇ ನಂಬರ್ ಸೂಜಿ ಚುಚ್ಚಬೇಕು, ಯಾವತ್ತೂ ಅದೇ ಮೂಲೆ. ಹಾಗೆ ಮಾಡಿದರೆ ನಂಬರೂ ಗೊತ್ತಾಗುತ್ತದೆ, ಮೇಲು ಯಾವುದು ಅಂತಲೂ ಗೊತ್ತಾಗುತ್ತದೆ. ಎರಡನೇ ಕಂಬಸಾಲಿನ ಮೂರು ತುಂಡನ್ನು ಮೊದಲನೆಯದರ ಮೇಲೆ ಮಗುಚಿ, ದಾರ ಕತ್ತರಿಸದೆ ಒಂದರ ಹಿಂದೆ ಒಂದು ಮಷಿನ್‌ಗೆ ಕೊಟ್ಟರೆ ತೋರಣದ ಹಾಗೆ ಹೊರಗೆ ಬರುತ್ತವೆ. ಮೂರನೇ ಕಂಬಸಾಲನ್ನೂ ಹಾಗೇ ಸೇರಿಸಿ, ಆ ದಾರವನ್ನು ಕೊನೆವರೆಗೂ ಕತ್ತರಿಸಬೇಡಿ. ಮೂರು ಅಡ್ಡಸಾಲೂ ಅದೇ ದಾರದಲ್ಲಿ ನೇತಾಡುತ್ತಿರುವಾಗ ಅದಲುಬದಲಾಗಲು ಜಾಗವೇ ಇಲ್ಲ.

ನಾನು ಮೊದಲು ಮೇಲಿನ ಅರ್ಧ, 18 ಬ್ಲಾಕ್, ಹೊಲಿದುಕೊಂಡೆ. ಎಲ್ಲಾ ಸರಿ ಅಂದುಕೊಂಡು ಹರಡಿದರೆ ಒಂದು ಕಡೆ ಎರಡು ನೀಲಿ ಬ್ಲಾಕ್ ಅಕ್ಕಪಕ್ಕ ಕೂತಿವೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಪುಣ್ಯಕ್ಕೆ ಶುರುವಿನಲ್ಲೇ ಪೂರ್ತಿ ಜೋಡಣೆಯ ಫೋಟೋ ಫೋನಿನಲ್ಲಿ ತೆಗೆದಿಟ್ಟಿದ್ದೆ. ಅದರ ಜೊತೆ ಹೋಲಿಸಿದಾಗ ಗೊತ್ತಾಯಿತು, 6 ಮತ್ತು 9 ಅದಲುಬದಲಾಗಿದ್ದವು! ಸೂಜಿಯ ತಲೆ ದುಂಡಗಿದೆ, ತಿರುಗಿದರೆ 6 ಹೋಗಿ 9 ಆಗುತ್ತದೆ, ಕೆಳಗೆ ಒಂದು ಗೆರೆಯನ್ನೂ ಹಾಕಿಲ್ಲ. ಮಾರ್ಕರಿನಲ್ಲಿ ನಾನೇ ಗೆರೆ ಎಳೆದುಕೊಂಡೆ.

ಸೂಜಿಯ ತಲೆ ಪ್ಲಾಸ್ಟಿಕ್. ಒಂದು ಮತ್ತು ಮೂರನೇ ಅಡ್ಡಸಾಲಿನ ಹೊಲಿಗೆಯನ್ನು ಬಲಕ್ಕೆ, ನಡುವಿನದನ್ನು ಎಡಕ್ಕೆ ಮಡಚಿ ಇಸ್ತ್ರಿ ಮಾಡಿದರೆ ಜೋಡಿಸುವಾಗ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಹಾಗಾಗಿ ನಡುವೆ ಇಸ್ತ್ರಿಪೆಟ್ಟಿಗೆ ಬಂದೇ ಬರುತ್ತದೆ. 7ನೇ ನಂಬರ್ ಹಾಗೇ ಕರಗಿಹೋಯಿತು. ಅದು ನನ್ನದೇ ಆತುರ, ಬಿಡಿ. ಬೋರ್ಡಿನ ಮೇಲೂ ಇಸ್ತ್ರಿ ಮಾಡಬೇಡಿ, ಬಿಸಿಗೆ ಫೋಮ್ ಕುಗ್ಗುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಮುಂದಿನ ಕೌದಿಗೆ ಗಟ್ಟಿ ರಟ್ಟಿಗೆ ಫ್ಲಾನೆಲ್ ಸುತ್ತಿ 14 ಇಂಚಿನ ಬೋರ್ಡ್ ನಾನೇ ಮಾಡಿಕೊಳ್ಳುತ್ತಿದ್ದೇನೆ. ಸೂಜಿ ಮಾತ್ರ ಇವೇ, 7 ಒಂದು ಬಿಟ್ಟು.